ಮಳೆರಾಯರಿಗೆ ರಾಯದುರ್ಗ, ಮಡಕಶಿರಾ ಕಡೆಯಿಂದ ಬಹಿರಂಗ ಪತ್ರ

ಶ್ರೀಮಾನ್ ಮಳೆರಾಯರ ಸನ್ನಿಧಾನಕ್ಕೆ,

ರಾಯದುರ್ಗ, ಮಡಕಶಿರಾ ಸೀಮೆಯ ಶೇಂಗಾ ಬೆಳೆಗಾರರ ಸಾಷ್ಟಾಂಗ ನಮಸ್ಕಾರ. ಕಪ್ಪೆಗೆ ಮದುವೆ ಮಾಡಿಸಿದರೂ ಇತ್ತ ತಲೆ ಹಾಕದ ತಾವು ಘಟ್ಟದಲ್ಲಿ ಕೊಲೆ ಆರೋಪ ಹೊತ್ತಿದ್ದೀರೆಂದು ಪೇಪರಿನಲ್ಲಿ ಓದಿ ಇಲ್ಲಿನವರಿಗೆ ದಿಗಿಲಾಗಿದೆ. ಎಲ್ಲಿ ಗುಡ್ಡ ಜರಿದರೂ ಮೊದಲ ಹೇಳಿಕೆಯಲ್ಲಿ ತಮ್ಮದೇ ಹೆಸರು.

ತಮ್ಮ ಕೈವಾಡ ಇಲ್ಲವೆಂದಲ್ಲ. 2024ರ ಜುಲೈ ಕೊನೆಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ 48 ಗಂಟೆಯಲ್ಲಿ 572 ಮಿ.ಮೀ. ಸುರಿದಿರೆಂದು ಕೇರಳದ ಮುಖ್ಯಮಂತ್ರಿಯೇ ಲೆಕ್ಕ ಕೊಟ್ಟರು. ಈ ಅನಂತಪುರ ಸೀಮೆಯವರಿಗೆ ಅದು ಹೆಚ್ಚುಕಡಿಮೆ ಇಡೀ ವರ್ಷದ ಪಡಿ.

ಆದರೂ ತಮ್ಮ ಪರವಾಗಿ ಸಾಕ್ಷಿ ನುಡಿಯಲು ರಾಯದುರ್ಗದ ಕೋಟೆ ಬೆಟ್ಟ ತಯಾರಿದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಸೀಮೆಯ ಬೆಟ್ಟವದು. ಮೈಮೇಲೆ ಮಣ್ಣೆಂಬುದು ಬಿರುಕಿನಲ್ಲಿ ಬೇರು ಬಿಟ್ಟ ಸೀತಾಫಲದ ಗಿಡಕ್ಕೆ ಸಾಲುವಷ್ಟು. ಅಪ್ಪಿತಪ್ಪಿ ತಾವು ಬಂದರೂ ಹಾಸುಬಂಡೆಯ ಮೇಲೆ ಜಾರಿ ಕೆಳಗಿನ ಕುಂಟೆ ಸೇರುತ್ತೀರಿ. ಒಳಹೊಕ್ಕು ಕಿತಾಪತಿ ಮಾಡಲು ಜಾಗವೆಲ್ಲಿ?

ಕರಾವಳಿಯ ಗುಡ್ಡಗಳ ಒಡಲೇ ಬೇರೆ. ಮೇಲೆ ಗಟ್ಟಿ ಚಿರೆಕಲ್ಲು, ಅದರಡಿ ಬಂಡೆ ಕೊಳೆತು ಆದ ಶೇಡಿ ಮಣ್ಣು. ಬಿಳಿ, ನಸುಗೆಂಪು ಬಣ್ಣದ ಈ ಮಣ್ಣು ಒಣಗಿದ್ದಾಗ ನೇರ ಕಡಿದರೂ ನಿಲ್ಲುತ್ತದೆ, ಎಂಜಿನಿಯರರಿಗೆ ಧೈರ್ಯ ಬರುವುದೇ ಅಲ್ಲಿ. ದಿನಗಟ್ಟಲೆ ನೀರು ಇಂಗಿದಾಗ ಕಣಗಳ ನಡುವೆ ಒತ್ತಡ ಏರಿ ಮಣ್ಣು ಹಿಡಿತ ಬಿಡುತ್ತದೆ. ಬುಡದಲ್ಲಿ ಆಸರೆ ಇದ್ದರೆ ತಡೆದೀತು. ಆಸರೆಯನ್ನೇ ರಸ್ತೆಗೆಂದು ಕಡಿದಿದ್ದರೆ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜರಿದದ್ದು ಚತುಷ್ಪಥ ಹೆದ್ದಾರಿಗಾಗಿ ಬುಡ ಕಡಿಸಿಕೊಂಡ ಗುಡ್ಡ. ರಸ್ತೆಬದಿಯ ಚಹಾದಂಗಡಿ ಮಣ್ಣುಪಾಲಾಯಿತು, ನಿಂತಿದ್ದ ಲಾರಿ ಗಂಗಾವಳಿ ನದಿ ಸೇರಿತು. ನದಿಯಲ್ಲಿ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ.

ಹಾಗೆಂದು ಗ್ರಾನೈಟಿನವರು ಎದೆ ತಟ್ಟಿಕೊಳ್ಳುವಂತಿಲ್ಲ. ಮಡಕಶಿರಾ ಬೆಟ್ಟಗಳ ದಾಯಾದಿ ನಂದಿಬೆಟ್ಟದಲ್ಲೇ 2021ರ ಆಗಸ್ಟ್‌ನಲ್ಲಿ ಸಡಿಲ ಮಣ್ಣು ಗುಂಡುಕಲ್ಲುಗಳ ಸಮೇತ ಇಳಿದು ರಸ್ತೆ ಕಿತ್ತುಹೋಯಿತು, ಪ್ರವಾಸಿಗರಿಗೆ ತಿಂಗಳುಗಟ್ಟಲೆ ದಾರಿ ಬಂದ್.

ಆದ್ದರಿಂದ ಬೆಳೆಗಾರರ ವಿನಂತಿ ಇಷ್ಟೇ: ವಿಚಾರಣೆ ಮುಗಿಯುವವರೆಗೆ ತಾವು ಘಟ್ಟದಲ್ಲಿ ತಲೆಮರೆಸಿಕೊಳ್ಳುವ ಬದಲು ಇತ್ತ ಬನ್ನಿ. ಶೇಂಗಾ ಹೂ ಬಿಡುವ ಹೊತ್ತಿಗೆ ಬಂದರೆ ಜಾಮೀನಿಗೆ ಇಡೀ ಸೀಮೆಯೇ ಸಹಿ ಹಾಕುತ್ತದೆ.

ಪ್ರತಿ: ಗುಡ್ಡದ ಬುಡ ಕಡಿದ ಜೆಸಿಬಿಗೆ, ಮಾಹಿತಿಗಾಗಿ.