ಶಾಸ್ತ್ರಕ್ಕೊಂದು ಪ್ಲಾಸ್ಮಾ

ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ, ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೊತ್ತ ಹಳದಿ ದ್ರವವೇ ಪ್ಲಾಸ್ಮಾ. ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ, ಬಾಗಿಲ ಹೊರಗೆ ಮಾತ್ರ ಅದಕ್ಕೆ ಔಷಧದ ಸ್ಥಾನಕ್ಕಿಂತ ಮರ್ಯಾದೆಯ ಸ್ಥಾನವೇ ಹೆಚ್ಚು. ನ್ಯುಮೋನಿಯಾದಿಂದ ಮಲಗಿದ್ದ ಯಜಮಾನರೊಬ್ಬರ ಹಿರಿಯ ಅಳಿಯನವರಿಗೂ ಅಲ್ಲಿನ ಸಿಸ್ಟರಿಗೂ ನಡೆದ ಸಂವಾದವು ಆ ಮರ್ಯಾದೆಯ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಅಳಿಯ: ಪಕ್ಕದ ಬೆಡ್ಡಿನವರಿಗೆ ರಾತ್ರಿಯಿಂದ ನಾಲ್ಕು ಚೀಲ ಏರಿಸಿದ್ದೀರಿ, ನಮ್ಮ ಮಾವನವರಿಗೆ ಒಂದೂ ಇಲ್ಲ, ನೋಡಲು ಬಂದ ಬೀಗರು ಅದನ್ನೆಲ್ಲ ಎಣಿಸಿಕೊಂಡೇ ಹೋಗಿದ್ದಾರೆ, ಸಿಸ್ಟರ್.

ಸಿಸ್ಟರ್: ಅವರಿಗೆ ಅಪಘಾತದಲ್ಲಿ ರಕ್ತ ಹರಿದುಹೋಗಿ, ಹೆಪ್ಪುಗಟ್ಟಿಸುವ ಅಂಶಗಳೂ ಅದರೊಡನೆ ಹೋದುದರಿಂದ ಕೆಂಪು ಕಣಗಳ ಜೊತೆಗೆ ಪ್ಲಾಸ್ಮಾವನ್ನೂ ಕೊಡಬೇಕಾಯಿತು, ನಿಮ್ಮ ಮಾವನವರಿಗೆ ಎಲ್ಲಿಯೂ ರಕ್ತಸ್ರಾವವಿಲ್ಲ.

ಅಳಿಯ: ಆದರೂ ಐಎನ್‌ಆರ್ 1.6 ಎಂದು ರಿಪೋರ್ಟಿನಲ್ಲಿ ಕಪ್ಪಕ್ಷರದಲ್ಲಿ ಬರೆದಿದೆಯಲ್ಲ!

ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಸಾಮಾನ್ಯ ಕಾಲದೊಡನೆ ಹೋಲಿಸಿ ಹೇಳುವ ಅನುಪಾತ. ಆರೋಗ್ಯವಂತರಲ್ಲಿ ಅದು ಸುಮಾರು 1. ವಾರ್ಫರಿನ್ ಮಾತ್ರೆಯ ಪ್ರಮಾಣವನ್ನು ಹದಕ್ಕೆ ತರಲೆಂದು ರೂಢಿಗೆ ಬಂದ ಈ ಅಳತೆಯು ಐಸಿಯುವಿನ ರೋಗಿಗೆ ರಕ್ತಸ್ರಾವ ಆಗುವುದೋ ಇಲ್ಲವೋ ಎಂಬುದನ್ನು ನೆಚ್ಚುವಂತೆ ಹೇಳಲಾರದು. ಆದರೂ ಅಂಕಿಯನ್ನು ಕಂಡೊಡನೆ ಪ್ಲಾಸ್ಮಾ ಬೇಡುವ ಅಭ್ಯಾಸವು ಅಳಿಯಂದಿರಿಗಷ್ಟೇ ಅಲ್ಲದೆ ಕೆಲವು ವೈದ್ಯರಿಗೂ ಇದೆ ಎಂಬುದನ್ನು ಮರೆಮಾಚುವಂತಿಲ್ಲ.

ಸಿಸ್ಟರ್: ಆರೋಗ್ಯವಂತ ದಾನಿಯ ಪ್ಲಾಸ್ಮಾದ ಐಎನ್‌ಆರ್ ಕೂಡ ಕೆಲವೊಮ್ಮೆ 1.2, 1.3 ಇರುವುದುಂಟು. 1.6 ಇರುವವರಿಗೆ ಅದನ್ನು ಏರಿಸುವುದು, ಉಗುರುಬೆಚ್ಚಗಿನ ನೀರಿಗೆ ಉಗುರುಬೆಚ್ಚಗಿನ ನೀರನ್ನೇ ಸುರಿದು ತಣ್ಣಗಾಗಲಿ ಎಂದು ಕಾದಂತೆ.

ಅಳಿಯ: ಹಾಗಾದರೆ ಶಾಸ್ತ್ರಕ್ಕೆ ಒಂದೇ ಒಂದು ಹಾಕಿಬಿಡಿ.

ಸಿಸ್ಟರ್: ಕೊಡುವುದೇ ಆದರೆ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರ್ ಕೊಡಬೇಕು, 70 ಕಿಲೋ ತೂಗುವ ನಿಮ್ಮ ಮಾವನವರಿಗೆ ಕನಿಷ್ಠ 700 ಮಿಲಿಲೀಟರ್, ಅಂದರೆ ಮೂರು ನಾಲ್ಕು ಚೀಲ. ಒಂದು ಚೀಲದಿಂದ ಶಾಸ್ತ್ರವೂ ಮುಗಿಯುವುದಿಲ್ಲ, ನಾಲ್ಕು ಹಾಕಿದರೆ ಹೃದಯಕ್ಕೆ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದಲ್ಲದೆ, ದಾನಿಯ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು ರೋಗಿಯ ಶ್ವಾಸಕೋಶವನ್ನೇ ಗಾಯಗೊಳಿಸುವ, ಟ್ರಾಲಿ ಎಂದು ಕರೆಯಲಾಗುವ ತೊಡಕೂ ಉಂಟು.

ಅಳಿಯ: ಟ್ರಾಲಿಯ ಬಾಡಿಗೆಯನ್ನು ಬೇಕಾದರೆ ಬೇರೆಯಾಗಿ ಕಟ್ಟೋಣ.

ಸಿಸ್ಟರ್ ಏನೂ ಹೇಳದೆ ಇದ್ದುದನ್ನು ಚೀಲಗಳ ಅಭಾವವೆಂದು ತಿಳಿದ ಅಳಿಯನವರು ಎದೆಯುಬ್ಬಿಸಿ ಮುಂದುವರಿದರು.

ಅಳಿಯ: ದಾಸ್ತಾನು ಇಲ್ಲದಿದ್ದರೆ ಓ ಗುಂಪಿನ ದಾನಿ ನಿಮ್ಮೆದುರಿಗೇ ನಿಂತಿದ್ದಾನೆ, ಎಲ್ಲರಿಗೂ ಸಲ್ಲುವ ರಕ್ತವೆಂದು ಇಡೀ ಊರಿಗೆ ಗೊತ್ತು.

ಸಿಸ್ಟರ್: ಕೆಂಪು ಕಣಗಳ ಮಟ್ಟಿಗೆ ಆ ಮಾತು ನಿಜ, ಪ್ಲಾಸ್ಮಾದಲ್ಲಿ ಲೆಕ್ಕ ತಿರುಗುಮುರುಗು. ಓ ಗುಂಪಿನ ಪ್ಲಾಸ್ಮಾದಲ್ಲಿ ಎ, ಬಿ ಎರಡಕ್ಕೂ ವಿರುದ್ಧವಾದ ಪ್ರತಿಕಾಯಗಳಿರುವುದರಿಂದ ಅದು ಓ ಗುಂಪಿನವರಿಗಷ್ಟೇ ಸಲ್ಲುತ್ತದೆ; ಎಲ್ಲರಿಗೂ ಸಲ್ಲುವುದು ಎಬಿ ಗುಂಪಿನದು.

ಕಿರಿಯ ಅಳಿಯನದು ಎಬಿ ಗುಂಪು ಎಂಬುದು ನೆನಪಾದುದರಿಂದ ಹಿರಿಯರು ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟು ಕೋವಿಡ್‌ನ ಕಡೆಗೆ ಹೊರಳಿದರು.

ಅಳಿಯ: 2020ರಲ್ಲಿ ಪ್ಲಾಸ್ಮಾಕ್ಕಾಗಿ ಜನ ಹಗಲೂರಾತ್ರಿ ವಾಟ್ಸಾಪಿನಲ್ಲಿ ಬೇಡುತ್ತಿದ್ದರಲ್ಲ, ಅದೂ ಸುಳ್ಳೇ?

ಸಿಸ್ಟರ್: ಆಗ ಬೇಡಿದ್ದು ಗುಣವಾದವರ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿದಾಗ ಅದು ರೋಗದ ಉಲ್ಬಣವನ್ನಾಗಲಿ ಸಾವನ್ನಾಗಲಿ ತಗ್ಗಿಸಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸೆಯ ಮಾರ್ಗಸೂಚಿಯಿಂದ ತೆಗೆದುಹಾಕಲಾಯಿತು.

ಅಳಿಯ: ಬೀಗರು ಎಷ್ಟು ಚೀಲವೆಂದು ಕೇಳಿದರೆ ಏನು ಹೇಳುವುದು?

ಸಿಸ್ಟರ್: ಒಂದೂ ಬೇಕಾಗಲಿಲ್ಲ ಎಂದು ಹೇಳಿ.

ಅಳಿಯನವರು ಕ್ಷಣಕಾಲ ಯೋಚಿಸಿ, ಮೊಬೈಲನ್ನು ಕಿವಿಗಿಟ್ಟು, ಮಾವನವರ ರಕ್ತಕ್ಕೆ ಸರಿಸಾಟಿಯಾದ ಪ್ಲಾಸ್ಮಾ ಈ ಜಿಲ್ಲೆಯಲ್ಲಿಯೇ ಇಲ್ಲವೆಂದು ಡಾಕ್ಟರು ಕೈಮುಗಿದರು ಎಂಬ ಸುದ್ದಿಯನ್ನು ಮೊದಲು ಕಿರಿಯ ಅಳಿಯನಿಗೆ ಮುಟ್ಟಿಸಿದರು.