ಆಣೆಗೊಂದು ಕುಕ್ಕರ್

ಮತದಾನ ಗುಪ್ತ. ಕಟ್ಟಿಕೊಂಡ ಹೆಂಡತಿಗೂ ತಿಳಿಯಬಾರದು. ತಿಳಿಯುವುದು ದೇವರೊಬ್ಬನಿಗೆ. ಪಕ್ಷದವರು ದಡ್ಡರಲ್ಲ, ಸೀದಾ ಅವನನ್ನೇ ಹಿಡಿದರು.

2023ರ ಮೇ 10ರ ವಿಧಾನಸಭಾ ಮತದಾನಕ್ಕೆ ಎರಡು ರಾತ್ರಿ ಮುಂಚೆ ನಮ್ಮ ಬಾಗಿಲು ತಟ್ಟಿದವನ ಬಳಿ ಮೂರು ಸಾಮಾನಿದ್ದವು. ಮತದಾರರ ಪಟ್ಟಿ, ಕುಕ್ಕರ್, ಧರ್ಮಸ್ಥಳದ ಮಂಜುನಾಥನ ಫೋಟೊ. ಡಬ್ಬದ ಮೇಲೆ ಅಭ್ಯರ್ಥಿ ನಗುತ್ತಿದ್ದ. ಫೋಟೊದ ಕುಂಕುಮ ಬೆರಳು ತಾಗಿ ತಾಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಮನೆ ಸುತ್ತಿಸಿದ್ದರು ದೇವರನ್ನು.

“ಮುಟ್ಟಿ ಹೇಳ್ಬಿಡಿ ಅಮ್ಮ, ನಮಗೂ ನಿಶ್ಚಿಂತೆ.”

ಅಮ್ಮ ಮುಟ್ಟಿದಳು. ನಾನು ಬೇಡವೆಂದೆ. ಜೋರಾಗೇನಲ್ಲ, ಕುಕ್ಕರ್ ಐದು ಲೀಟರಿನದು.

ಮರುದಿನ ರಾತ್ರಿ ಇನ್ನೊಂದು ಪಕ್ಷ. ಈ ಸಲ ಸಾವಿರ ರೂಪಾಯಿ, ಮಲೆ ಮಾದಪ್ಪನ ಫೋಟೊ. ಅಮ್ಮ ಅದನ್ನೂ ಮುಟ್ಟಿದಳು. ಇಬ್ಬರೂ ಶಿವನೇ ತಾನೇ, ಬಿಡಮ್ಮ ಎಂದೆ.

“ಅದಕ್ಕೇ ಭಯ ಕಣೋ. ಒಬ್ಬನೇ ಎರಡು ಸಲ ಕೇಳಿಸ್ಕೊಂಡಿದ್ದಾನೆ.”

1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಓದಿ. ಲಂಚ ಕೊಡುವಂತಿಲ್ಲ. ದೇವರು ಮುನಿದಾನು ಎಂದು ಮತದಾರನನ್ನು ಹೆದರಿಸುವಂತೆಯೂ ಇಲ್ಲ. ಎರಡನ್ನೂ ಒಂದೇ ಹೊಸ್ತಿಲಲ್ಲಿ ಐದು ನಿಮಿಷದೊಳಗೆ ಮುಗಿಸಿ ಹೋದರು. ದಕ್ಷತೆ ಎಂದರೆ ಇದು.

ಧರ್ಮದ ಹೆಸರಲ್ಲಿ ಮತ ಕೇಳಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಆದರೆ 2023ರ ಆ ಮೇ ತಿಂಗಳಲ್ಲಿ ಕಾಂಗ್ರೆಸ್ ಪ್ರಣಾಳಿಕೆ ನಿಷೇಧದ ಮಾತಿನಲ್ಲಿ ಬಜರಂಗದಳದ ಹೆಸರೆತ್ತಿತು. ಪ್ರಧಾನಿ ವೇದಿಕೆಯಿಂದ ಜೈ ಬಜರಂಗಬಲಿ ಎಂದರು. ಕಾಂಗ್ರೆಸ್ಸಿಗರು ಗಾಬರಿಬಿದ್ದು ಆಂಜನೇಯನ ಗುಡಿಗಳ ಮಾತೆತ್ತಿದರು. ಪಾಪ, ಹನುಮಂತನಿಗೆ ಲಂಕೆಯಲ್ಲೂ ಇಷ್ಟು ಕೆಲಸ ಇರಲಿಲ್ಲ.

ಬೂತಿನ 100 ಮೀಟರ್ ಒಳಗೆ ಪ್ರಚಾರ ನಿಷಿದ್ಧ. ಬಿಳಿ ಗೆರೆ ಎಳೆದಿದ್ದರು. ಪೊಲೀಸಪ್ಪ ಟೋಪಿ, ಶಾಲು, ಬ್ಯಾಡ್ಜು ಎಲ್ಲ ನೋಡಿ ಬಿಡುತ್ತಿದ್ದ. ಅಮ್ಮನ ತಲೆಯೊಳಗೆ ಕೂತಿದ್ದ ಇಬ್ಬರು ಅವನಿಗೆ ಕಾಣಲಿಲ್ಲ. ಒಳಗೆ ವಿವಿಪ್ಯಾಟ್ 7 ಸೆಕೆಂಡ್ ಚೀಟಿ ತೋರಿಸುತ್ತದೆ. ಆಚೆ ಬಂದವಳ ಮುಖ ನೋಡಿದೆ. ಯಾರಿಗೆಂದು ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಬಂದವಳೇ ಕೈಕಾಲು ತೊಳೆದು, ಅರಿಶಿನದ ಬಟ್ಟೆಯಲ್ಲಿ 11 ರೂಪಾಯಿ ಗಂಟು ಕಟ್ಟಿ ದೇವರ ಗೂಡಿನಲ್ಲಿಟ್ಟಳು. ತಪ್ಪುಕಾಣಿಕೆ. ಯಾರಿಗೆ ಒತ್ತಿದ್ದರೂ ಇನ್ನೊಬ್ಬನ ಆಣೆ ಮುರಿದಂತೆಯೇ ಅಲ್ಲವೇ?

ಶಾಸಕರೂ ಪ್ರಮಾಣ ಮಾಡುತ್ತಾರೆ. ವಿಧಾನಸೌಧದಲ್ಲಿ, ಮೈಕಿನ ಮುಂದೆ, ಬಹುತೇಕರು ದೇವರ ಹೆಸರಲ್ಲೇ. ಪ್ರಮಾಣ ಮಾಡಿದ್ದವರಲ್ಲಿ 17 ಮಂದಿಯನ್ನು 2019ರಲ್ಲಿ ಸ್ಪೀಕರ್ ಪಕ್ಷಾಂತರಕ್ಕಾಗಿ ಅನರ್ಹಗೊಳಿಸಿದರು. ಅವರಲ್ಲಿ ಯಾರಾದರೂ ತಪ್ಪುಕಾಣಿಕೆ ಕಟ್ಟಿದ್ದು ನಾನಂತೂ ಕೇಳಿಲ್ಲ. ಹಲವರು ತಂಗಿದ್ದ ಮುಂಬೈ ಹೋಟೆಲಿನಲ್ಲಿ ಅರಿಶಿನದ ಬಟ್ಟೆ ಸಿಗಲಿಲ್ಲವೇನೋ.

ಕುಕ್ಕರ್ ಮೂರೇ ತಿಂಗಳಿಗೆ ಕೂಗುವುದನ್ನು ನಿಲ್ಲಿಸಿತು. ಅಮ್ಮ ಈಗ ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದಾಳೆ.