ಅತ್ಲಾಗೆಮೀಮಾಂಸೆ: ತೆಂಗುಸೀಮೆಯ ವ್ಯಾಕರಣಕ್ಕೆ ಉಪೋದ್ಘಾತ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ತ್ರಿಕೂಟವು ಕೊಬ್ಬರಿಗೆ ಹೆಸರುವಾಸಿಯೆಂದು ಲೋಕ ನಂಬಿದೆ. ಅದು ಅರ್ಧಸತ್ಯ. 'ಇಂಗ್ಲಿಷ್ ಗೀತಗಳು' ಕೊಟ್ಟ ಬಿ.ಎಂ.ಶ್ರೀ. 1884ರಲ್ಲಿ ಹುಟ್ಟಿದ್ದು ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀ. 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಇಂಥ ಇಬ್ಬರು ಆಚಾರ್ಯರನ್ನು ಹೆತ್ತ ನೆಲದ ಆಡುಮಾತಿಗೆ ಒಂದು ಶಾಸ್ತ್ರವಿಲ್ಲದಿರುವುದು ಶೋಚನೀಯ. ಆ ಕೊರತೆಯನ್ನು ಪ್ರಸ್ತುತ ಲೇಖಕನು, ಯಾರೂ ಕೇಳದಿದ್ದರೂ, ತುಂಬುತ್ತಿದ್ದಾನೆ.

ಮೊದಲು ವರ್ಣಪ್ರಕರಣ. ಹಳಗನ್ನಡದವರು 'ಪಾಲ್' ಕುಡಿದು 'ಪೋಗು' ಎಂದರು. ಪಕಾರ ಸವೆದು 'ಹಾಲು', 'ಹೋಗು' ಆಯಿತು. ಪೇಟೆಯವರು ಅಲ್ಲೇ ಸುಸ್ತಾಗಿ ನಿಂತರು. ನಮ್ಮವರು ನಿಲ್ಲಲಿಲ್ಲ, 'ಆಲು', 'ಓಗು' ಎಂದು ಮುಂದೆ ನಡೆದರು. ಇನ್ನೊಂದು ಹೆಜ್ಜೆಗೆ 'ಗು' ಮಾತ್ರ ಉಳಿದೀತು. ಅದೂ ಸವೆದರೆ ಮಾತಾಡದೆ ಎದ್ದು ಹೊರಟರಾಯಿತು. ಹೀಗೆ ಉಳಿತಾಯವಾದ ಹಕಾರ ವ್ಯರ್ಥವಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ 'ಹಧ್ಯಕ್ಷರೇ' ಎಂದು ಬಡ್ಡಿ ಸಮೇತ ಸಂದಾಯವಾಗುತ್ತದೆ. ತೋಟ 'ತ್ವಾಟ'ವಾದದ್ದು, ಮೇಲೆ 'ಮ್ಯಾಲೆ'ಯಾದದ್ದು ಸರ್ವವಿದಿತ; ವಿಸ್ತಾರ ಬ್ಯಾಡ.

ಎರಡನೆಯದು ರಸಪ್ರಕರಣ. ರಸವೇ ಕಾವ್ಯದ ಪ್ರಾಣ, ಧ್ವನಿಯಿಂದಲೇ ಅದರ ಪ್ರಕಾಶ ಎಂದು ಕಾಶ್ಮೀರದ ಆಲಂಕಾರಿಕರು ವಾದಿಸಿದರು. ಪಾಪ, ಅವರ ಕಡೆ ತೆಂಗು ಬೆಳೆಯುವುದಿಲ್ಲ. ಇಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯುತ್ತಾರೆ. ಮಧ್ಯೆ ಮಧ್ಯೆ ಅಜ್ಜಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗುಳುಗುಳು ಅಂದರೆ ನೀರಿದೆ, ಮತ್ತೆ ಅಟ್ಟಕ್ಕೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಸಿದ್ಧ. ಅರ್ಥಾತ್, ರಸ ಬತ್ತಿದ ಮೇಲೆಯೇ ಧ್ವನಿ! ಆನಂದವರ್ಧನನ ಕಣ್ಣಿಗೆ ಬೀಳದ ಈ ಸೂಕ್ಷ್ಮ ಅಜ್ಜಿಯ ಕಿವಿಗೆ ಬಿದ್ದಿದೆ. ಮಟ್ಟೆ ಸುಲಿದು, ಮಚ್ಚಿನ ಹಿಂಬದಿಯಿಂದ ಸುತ್ತ ತಟ್ಟಿ, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಹೆಂಗಸರು ಯಾವ ವಿಮರ್ಶಕನಿಗಿಂತಲೂ ಮೇಲು. ಕೌಟು ಬಂದದ್ದನ್ನು ಮೂಸಿಯೇ ಪಕ್ಕಕ್ಕೆಸೆಯುತ್ತಾರೆ, ಮುನ್ನುಡಿ ಬರೆಯುವುದಿಲ್ಲ.

ಇನ್ನು ಗ್ರಂಥದ ತಿರುಳಾದ ವಿಭಕ್ತಿಪ್ರಕರಣ. ಕೇಶಿರಾಜ 13ನೆಯ ಶತಮಾನದಲ್ಲಿ ಏಳು ವಿಭಕ್ತಿ ಹೇಳಿ ಕೈತೊಳೆದುಕೊಂಡ. ಎಂಟನೆಯದು 'ಅತ್ಲಾಗೆ'. 'ಬುಡತ್ಲಾಗೆ', 'ತಿನ್ನತ್ಲಾಗೆ', 'ಸಾಯ್ಲತ್ಲಾಗೆ'. ರೂಪದಲ್ಲಿ ದಿಕ್ಕು, ಆದರೆ ಅಷ್ಟದಿಕ್ಕುಗಳಲ್ಲಿ ಯಾವುದೂ ಅಲ್ಲ. ದಿಕ್ಸೂಚಿಗೆ ನಿಲುಕದು, ಸರ್ವೆ ನಂಬರಿಲ್ಲ, ಪಹಣಿಯಿಲ್ಲ. ಆದರೂ ಈ ಸೀಮೆಯ ಸಕಲ ಸಿಟ್ಟು, ಸೋತ ಕೋರ್ಟು ವ್ಯಾಜ್ಯ, ಮುರಿದ ಮದುವೆ ಮಾತುಕತೆ ಎಲ್ಲವೂ ಹೋಗಿ ಸೇರುವುದು ಅಲ್ಲಿಗೇ.

ಇದರ ಪ್ರಯೋಗ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನಿಚ್ಚಳ. 'ರೇಟು ಎಂಗೈತಣ್ಣ?' ಎಂದು ಕೇಳಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಪೇಟೆ ಅದಕ್ಕಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದರು. ಆಗಿನ ಉತ್ತರ: 'ಐತೆ ಬುಡತ್ಲಾಗೆ.' 2025ರಲ್ಲಿ ದರ ಬೆಂಬಲ ಬೆಲೆಯನ್ನು ಎಲ್ಲೋ ಹಿಂದೆ ಬಿಟ್ಟು ಓಡಿತು. ಆಗಿನ ಉತ್ತರ: 'ಏನೋ ಐತೆ.' ಸಾವಿರಾರು ರೂಪಾಯಿಯ ಅಂತರವನ್ನು ಒಂದೇ ಪ್ರತ್ಯಯ ಹೊತ್ತಿದೆ. ಲಾಭವನ್ನು ಬಾಯಿಬಿಟ್ಟು ಹೇಳುವ ಕ್ರಿಯಾಪದ ಮಾತ್ರ ಇಲ್ಲಿಲ್ಲ. ಸಾಲ ಕೇಳುವ ನೆಂಟರು ಪಕ್ಕದ ಬೆಂಚಿನಲ್ಲೇ ಟೀ ಕುಡಿಯುತ್ತಿರುವುದು ಇದಕ್ಕೆ ಕಾರಣವಿರಬಹುದು.

ನಾಯಿಗೆ ತೆಂಗಿನಕಾಯಿ ಸಿಕ್ಕಂಗೆ ಎಂಬ ಗಾದೆಯನ್ನು ಈ ಲೇಖಕನ ಸಂಶೋಧನೆಗೆ ಅನ್ವಯಿಸಿದವರೂ ಉಂಟು. ಅದು ಪೂರ್ವಪಕ್ಷ, ಉತ್ತರಕ್ಕೆ ಅರ್ಹವಲ್ಲ. ಗಂಭೀರ ಆಕ್ಷೇಪ ಬಂದಿರುವುದು ಮಂಡ್ಯ ಕಡೆಯಿಂದ. ಹಕಾರವನ್ನು ಮೊದಲು ಬಿಟ್ಟವರು ತಾವು, 'ಅತ್ಲಾಗೆ'ಯೂ ತಮ್ಮದೇ ಎಂದು ಅವರು ಹೇಳಿಕೊಳ್ಳುತ್ತಾರೆ. ಕೂಲಂಕಷ ಪರಿಶೀಲನೆಯ ನಂತರ ಪ್ರಸ್ತುತ ಲೇಖಕನ ಸಿದ್ಧಾಂತವಿಷ್ಟೆ: ಏಳ್ಕಳ್ಳಿ ಬುಡತ್ಲಾಗೆ.